ನಿಧಾನ ಮಾಡಿ ಕೇಳಿದರೆ ತಪ್ಪೇನು?

ಮೊಬೈಲಿನಲ್ಲಿ ಹಾಡನ್ನು ನಿಧಾನ ಮಾಡಿ ಕಲಿಯುವುದು ಕಳ್ಳದಾರಿ ಎಂದು ನಮ್ಮ ತರಗತಿಯಲ್ಲೇ ಕೆಲವರು ನಗುತ್ತಾರೆ. ನಾನು ಒಪ್ಪುವುದಿಲ್ಲ. ಕುಡುಮಲಕುಂಟೆಯ ನಮ್ಮ ಮನೆಯ ಹತ್ತಿರ ನಾತ್ ಆಗಲಿ ಭಾವಗೀತೆಯಾಗಲಿ ಹೇಳಿಕೊಡುವವರಿಲ್ಲ. ಕಿವಿಯೇ ಮೇಷ್ಟ್ರು.

ಹಳೆಯ ಗ್ರಾಮಫೋನ್ ತಟ್ಟೆಯನ್ನು ನಿಧಾನವಾಗಿ ತಿರುಗಿಸಿದರೆ ಶ್ರುತಿಯೂ ಇಳಿದುಹೋಗುತ್ತಿತ್ತು. ಈಗ ಯೂಟ್ಯೂಬಿನಲ್ಲಿ ವೇಗವನ್ನು 0.5ಕ್ಕೆ ಇಳಿಸಿದರೂ ಶ್ರುತಿ ಇದ್ದಲ್ಲೇ ಇರುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಒಂದೇ ಸಾಲನ್ನು ಎಷ್ಟು ಸಲ ಬೇಕಾದರೂ ಕೇಳಬಹುದು. ಒಂದೇ ಸ್ವರ ಎಂದು ನಾನು ನಂಬಿದ್ದು ಮೂರು ಸ್ವರಗಳ ಮೇಲಿನ ಜಾರು ಎಂದು ಗೊತ್ತಾದದ್ದು ಹೀಗೆ. (0.25ಕ್ಕೆ ಮಾತ್ರ ಇಳಿಸಬೇಡಿ, ದನಿ ಒಡೆದು ಏನೂ ತಿಳಿಯುವುದಿಲ್ಲ.)

ಆದರೆ ಒಂದು ಪೆಟ್ಟು ತಿಂದಿದ್ದೇನೆ. ಗಾಯಕರು ಒಂದೇ ಉಸಿರಿನಲ್ಲಿ ಹಾಡಿದ ಸಾಲಿಗೆ ಅರ್ಧ ವೇಗದಲ್ಲಿ ನನಗೆ ಎರಡು ಉಸಿರು ಬೇಕಾಯಿತು. ಪದದ ನಡುವೆ ಉಸಿರೆಳೆಯುವುದೇ ಅಭ್ಯಾಸವಾಯಿತು. ಅದನ್ನು ಸಾಫ್ಟ್‌ವೇರ್ ಹೇಳಲಿಲ್ಲ, ಕೇಳಿದ ಅಮ್ಮಿ ಹೇಳಿದರು. ಉಸ್ತಾದ್ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಸಂಗೀತದ ಹುಚ್ಚು ಹಿಡಿಸಿಕೊಂಡ ಗದಗದ ಭೀಮಸೇನ ಜೋಶಿಯವರೂ ಕೊನೆಗೆ ಆ ಉಸ್ತಾದರ ಶಿಷ್ಯ ಸವಾಯಿ ಗಂಧರ್ವರ ಮುಂದೆ ಕೂತೇ ಕಲಿತರು.

ಶನಿವಾರ ಜುಹರ್ ನಮಾಜ್ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬನ್ನು ಒಂದು ಗಂಟೆ ಬಿಟ್ಟುಕೊಟ್ಟರೆ, ನಾವೇ ಒಬ್ಬರ ಹಾಡನ್ನು ಒಬ್ಬರು ಕೇಳಿ ತಿದ್ದಿಕೊಳ್ಳುತ್ತೇವೆ. ಪ್ರಾಂಶುಪಾಲರು ಯೋಚಿಸಬೇಕು.