ಬೆಟ್ಟದ ಬುಡದಲ್ಲಿ ರೈಲು ನಿಲ್ಲಲೇಬೇಕು

ನ್ಯೂಯಾರ್ಕಿನ ಹಡ್ಸನ್ ನದಿ ದಂಡೆಯ ಬ್ರೇಕ್‌ನೆಕ್ ರಿಡ್ಜ್ ಬೆಟ್ಟವನ್ನು 2025ರ ಏಪ್ರಿಲ್‌ನಲ್ಲಿ ಕಾಮಗಾರಿಗಾಗಿ ಚಾರಣಿಗರಿಗೆ ಮುಚ್ಚಿದರು. ಮತ್ತೆ ತೆರೆಯುವುದು 2027ಕ್ಕೆ ಎಂದು ಆಗಲೇ ಹೇಳಿದ್ದರು. ಅದರ ಜೊತೆಗೆ ಬೆಟ್ಟದ ಬುಡದಲ್ಲಿದ್ದ ಪುಟ್ಟ ರೈಲು ನಿಲ್ದಾಣವೂ ಬಂದ್ ಆಯಿತು. ಕಾಮಗಾರಿ ನಡೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಹಳಿ ದಾಟಲು ಸೇತುವೆ ಬೇಕಿತ್ತು, ಶೌಚಾಲಯ ಬೇಕಿತ್ತು. ಸುರಂಗದ ಪಕ್ಕದಲ್ಲೇ, 9ಡಿ ರಸ್ತೆಯ ಅಂಚಿನಲ್ಲಿ, ಮೈಸವರಿಕೊಂಡು ಹೋಗುವ ಕಾರುಗಳ ನಡುವೆ ಮಕ್ಕಳ ಕೈಹಿಡಿದು ನಡೆದವರಿಗೆ ಅದೆಷ್ಟು ಅಪಾಯವೆಂದು ಗೊತ್ತು. ನನಗೆ ಸಿಟ್ಟು ಬರುವುದು ಈ ಕಾಮಗಾರಿಯ ಸುತ್ತ ಎದ್ದಿರುವ ಒಂದು ವಾದದ ಮೇಲೆ.

ಕೋಲ್ಡ್ ಸ್ಪ್ರಿಂಗ್‌ನಿಂದ ಬೀಕನ್‌ವರೆಗೆ ಏಳೂವರೆ ಮೈಲಿ ಉದ್ದದ, ಈ ಕಾಮಗಾರಿಯೂ ಸೇರಿದ 'ಫ್ಯೋರ್ಡ್ ಟ್ರೇಲ್' ಎಂಬ ನಡಿಗೆ ಹಾದಿಯ ಯೋಜನೆಯಿದೆ. ಸೀನಿಕ್ ಹಡ್ಸನ್ ಸಂಸ್ಥೆಯ ಅಂಗಸಂಸ್ಥೆಯೊಂದು ರಾಜ್ಯ ಸರ್ಕಾರದ ಪಾರ್ಕ್ ಇಲಾಖೆಯ ಜೊತೆ ಸೇರಿ ಇದನ್ನು ಮಾಡುತ್ತಿದೆ. ಊರಿನವರ ವಿರೋಧದಲ್ಲಿ ಎರಡು ಮಾತುಗಳು ಬೆರೆತುಹೋಗಿವೆ. ಒಂದು, ನದಿಯಂಚಿನಲ್ಲಿ ಕಂಬ ನೆಟ್ಟು ಹಾದಿ ಕಟ್ಟಿದರೆ ಜಲಚರಗಳ ಗತಿಯೇನು, ಕೋಟಿಗಟ್ಟಲೆ ಖಾಸಗಿ ಹಣ ಬಂದಾಗ ತೀರ್ಮಾನ ಯಾರ ಕೈಯಲ್ಲಿರುತ್ತದೆ ಎಂಬುದು. ಇದು ನ್ಯಾಯವಾದ ಪ್ರಶ್ನೆ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಬೇಕು. ಇನ್ನೊಂದು, 'ಈಗಲೇ ಜನ ಜಾಸ್ತಿ, ಇನ್ನಷ್ಟು ಜನ ಬಂದರೆ ಊರು ಹಾಳಾಗುತ್ತದೆ' ಎಂಬುದು. ಇದನ್ನು ನಾನು ಒಪ್ಪಲಾರೆ.

ಯಾರು ಈ ಜನ? ಶನಿವಾರ ಬೆಳಗ್ಗೆ ಗ್ರ್ಯಾಂಡ್ ಸೆಂಟ್ರಲ್‌ನಿಂದ ಹೊರಡುವ ಹಡ್ಸನ್ ಲೈನ್ ರೈಲಿನಲ್ಲಿ ಕೂತು ನೋಡಿ. ಕ್ವೀನ್ಸ್‌ನ ರೆಸ್ಟೋರೆಂಟುಗಳಲ್ಲಿ ದುಡಿಯುವ ಹುಡುಗರು, ಜರ್ಸಿ ಸಿಟಿಯ ಬಾಡಿಗೆ ಕೋಣೆಯಿಂದ ಪಾತ್ ರೈಲು, ಸಬ್‌ವೇ ಹಿಡಿದು ಬಂದ ನಮ್ಮ ವಿದ್ಯಾರ್ಥಿಗಳು, ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡ ಸಂಸಾರಗಳು. ಕಾರಿಲ್ಲದವರಿಗೆ ಒಂದೂವರೆ ಗಂಟೆಯೊಳಗೆ ದಕ್ಕುತ್ತಿದ್ದ ನಿಜವಾದ ಬೆಟ್ಟ ಇದು. ಹಾದಿ ಶುರುವಾಗುತ್ತಲೇ ಕೈಯೂರಿ ಬಂಡೆ ಹತ್ತಬೇಕು. ಅಂಗೈ ತರಚುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ಬಾವುಟದ ಕಂಬವಿರುವ ಮೊದಲ ಕೋಡುಗಲ್ಲು ತಲುಪಿ ತಿರುಗಿದರೆ ಕೆಳಗೆ ನದಿ, ಎದುರಿಗೆ ಸ್ಟಾರ್ಮ್ ಕಿಂಗ್ ಬೆಟ್ಟ.

ಆ ಸ್ಟಾರ್ಮ್ ಕಿಂಗ್ ಉಳಿದದ್ದು ಜನ ಬಡಿದಾಡಿದ್ದರಿಂದ. ಅಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಕಾನ್ ಎಡಿಸನ್ ಕಂಪನಿ ಹೊರಟಾಗ 1963ರಲ್ಲಿ ಹುಟ್ಟಿದ್ದೇ ಸೀನಿಕ್ ಹಡ್ಸನ್. ಹದಿನೇಳು ವರ್ಷದ ಜಗಳ 1980ರಲ್ಲಿ ರಾಜಿಯಾಗಿ ಮುಗಿಯಿತು. ಅದಕ್ಕೂ ಬಹಳ ಮುಂಚೆ ನದಿಯ ಆಚೆ ದಡದ ಬೇರ್ ಮೌಂಟನ್‌ಗೆ ಸಿಂಗ್ ಸಿಂಗ್ ಜೈಲನ್ನು ತರುವ ಯೋಚನೆಯಿತ್ತು. ಅದನ್ನು ಕೈಬಿಡುವುದಾದರೆ ಎಂದು ಮೇರಿ ಹ್ಯಾರಿಮನ್ 1910ರಲ್ಲಿ 10,000 ಎಕರೆ ಕಾಡನ್ನೂ 10 ಲಕ್ಷ ಡಾಲರನ್ನೂ ರಾಜ್ಯಕ್ಕೆ ಕೊಟ್ಟರು. ಆಮೇಲೆ ನಗರದ ಕಾರ್ಮಿಕರು ಹಬೆ ಹಡಗು ಹತ್ತಿ ಅಲ್ಲಿಗೆ ಬಂದರು. 1920ರಲ್ಲಿ ಶುರುವಾದ ನ್ಯೂಯಾರ್ಕ್–ನ್ಯೂಜರ್ಸಿ ಟ್ರೇಲ್ ಕಾನ್ಫರೆನ್ಸ್‌ನ ಸ್ವಯಂಸೇವಕರು ಹಾದಿ ಕಡಿದರು. ಇವತ್ತಿಗೂ ಬಿದ್ದ ಮರ ಕೊಯ್ದು, ಗುರುತಿನ ಬಣ್ಣ ಬಳಿದು ಕಾಯುತ್ತಿದ್ದಾರೆ. ಇಷ್ಟೆಲ್ಲ ನಡೆದದ್ದು ನದಿ ದಂಡೆಯಲ್ಲಿ ಮನೆ ಕೊಂಡವರ ಕಿಟಕಿಯ ನೋಟಕ್ಕಾಗಿಯೇ?

ಕಾರಿದ್ದವರಿಗೆ ಬ್ರೇಕ್‌ನೆಕ್ ಮುಚ್ಚಿದರೆ ನಷ್ಟವೇನೂ ಇಲ್ಲ. ಮಿನೆವಾಸ್ಕಾಗೆ ಹೋಗುತ್ತಾರೆ, ಕ್ಯಾಟ್ಸ್‌ಕಿಲ್‌ಗೆ ಹೋಗುತ್ತಾರೆ. ಇನ್ನೂ ದುಡ್ಡಿದ್ದರೆ 1869ರಿಂದ ನಡೆಯುತ್ತಿರುವ ಮೊಹಾಂಕ್ ಮೌಂಟನ್ ಹೌಸ್‌ನಲ್ಲಿ ರಾತ್ರಿಗೆ ನೂರಾರು ಡಾಲರ್ ತೆತ್ತು, ಬೆಳಗ್ಗೆ ಎದ್ದು ಕೆರೆ ಸುತ್ತಿ ಬರುತ್ತಾರೆ. ನ್ಯೂಜರ್ಸಿಯ ನಾವು ಬಹುಪಾಲು ಕನ್ನಡಿಗರು ಈ ಗುಂಪಿನವರೇ. ಅಕ್ಟೋಬರ್‌ನ ಲಾಂಗ್ ವೀಕೆಂಡ್‌ಗೆ ಏರ್‌ಬಿಎನ್‌ಬಿ ಹಿಡಿದು ಎಲೆಗಳ ಬಣ್ಣ ನೋಡಲು ಹೊರಡುವ ನಾವೇ 'ಅಲ್ಲಿ ಈಗ ವಿಪರೀತ ಕ್ರೌಡ್' ಎಂದು ಮೂಗು ಮುರಿಯುವುದನ್ನು ಕೇಳಿದಾಗ ನನಗೆ ನಾಚಿಕೆಯಾಗುತ್ತದೆ.

ಜನಜಂಗುಳಿಗೆ ಅಂಕೆ ಬೇಡವೆಂದು ನಾನು ಹೇಳುತ್ತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಜಮಾಯಿಸಿದ ಮೇಲೆ ಕರ್ನಾಟಕ ಸರ್ಕಾರ ಆನ್‌ಲೈನ್ ಬುಕಿಂಗ್ ತಂದಿತು. ದಿನಕ್ಕಿಷ್ಟೇ ಜನ ಎಂಬ ಮಿತಿ ಕಾಡಿಗೆ ಒಳ್ಳೆಯದೇ. ಆದರೆ ಮಿತಿ ಹಾಕುವಾಗ ಮೊದಲು ಹೊರಗುಳಿಯುವವರು ಯಾರು ಎಂದು ನೋಡಲೇಬೇಕು. ಹಡ್ಸನ್ ದಂಡೆಯಲ್ಲಿ ಜಾಗ ನುಂಗುವುದು ಕಾರು. ರಸ್ತೆಯಂಚಿನಲ್ಲಿ ಮೈಲಿಗಟ್ಟಲೆ ನಿಲ್ಲುವುದೂ ಅದೇ. ಕಡಿಮೆಯಾಗಬೇಕಾದದ್ದು ಪಾರ್ಕಿಂಗ್.

ಬ್ರೇಕ್‌ನೆಕ್‌ನಲ್ಲಿ ಮುಂಚೆ ರೈಲು ನಿಲ್ಲುತ್ತಿದ್ದದ್ದು ವಾರಾಂತ್ಯದಲ್ಲಿ, ರಜೆಯಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು. ಬೆಟ್ಟ ತೆರೆಯುವ ದಿನವೇ ನಿಲ್ದಾಣವೂ ತೆರೆಯಬೇಕು, ವಾರದ ದಿನಗಳಲ್ಲೂ ರೈಲು ನಿಲ್ಲಬೇಕು. ಶನಿವಾರ, ಭಾನುವಾರವೇ ಹೆಚ್ಚು ದುಡಿಮೆಯಿರುವ ಹೋಟೆಲ್ ಕೆಲಸದವರಿಗೆ ರಜೆ ಸಿಗುವುದು ಸೋಮವಾರವೋ ಮಂಗಳವಾರವೋ.