ಹುಡುಗಾಟವೆಂದು ಜರಿಯುವವರಿಗೆ

ಊರಿನ ಕಲಾವಿದರು ಕೂಡಿ ಚಿತ್ರಪ್ರದರ್ಶನ ಏರ್ಪಡಿಸಿದರೆ ಸಾಕು, ‘ಇದೇನು ಹುಡುಗಾಟ? ದೇವರ, ಮಹಾಪುರುಷರ ಚಿತ್ರಗಳಿಲ್ಲವೇ?’ ಎಂದು ಮೂಗು ಮುರಿಯುವ ಹಿರಿಯರು ನಮ್ಮ ಹುನಗುಂದದ ಕಡೆಗೆ ಕಡಿಮೆಯಿಲ್ಲ. ಅವರು ಬಾದಾಮಿಯ ಮೂರನೆಯ ಗುಹೆಯನ್ನು ಬಗ್ಗಿ ನೋಡಲಿ. ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ ಆ ವಿಷ್ಣುಗೃಹದ ಜಗತಿಯಲ್ಲಿ ಡೊಳ್ಳುಹೊಟ್ಟೆಯ ಗಣಗಳು ಕುಣಿಯುತ್ತಿವೆ. ಅರಸನ ಧರ್ಮಕಾರ್ಯದಲ್ಲಿಯೂ ಶಿಲ್ಪಿಯ ಆಟಕ್ಕೆ ಎಡೆಯಿತ್ತು! ಐಹೊಳೆಯ ಗುಡಿಯೊಂದರಲ್ಲಿ ನರಸೊಬ್ಬನೆಂಬ ಶಿಲ್ಪಿಯ ಹೊಗಳಿಕೆಯನ್ನೇ ಕೆತ್ತಲಾಗಿದೆ. ಬೆಂಗಳೂರಿನ ಚಿತ್ರಸಂತೆಗೆ ರಸ್ತೆಯೇ ಬಿಡುವಾಗುತ್ತದೆ. ನಮ್ಮವರಿಗೆ ಒಂದು ಗೋಡೆಯೂ ಭಾರವೇ?

ನಾನೂ ನಿರ್ದೋಷಿಯಲ್ಲ. ನನ್ನ ಬೋಳುತಲೆಯನ್ನು ಪಾಟಿಯ ಮೇಲೆ ಚೆಂದಾಗಿ ಬರೆದಿದ್ದ ಬಾಲಕನನ್ನು ಗದರಿಸಿ ಒರೆಸಿಸಿದ್ದೆ. ಅವನು ಮುಂದೆ ಚಿತ್ರವನ್ನೇ ಬರೆಯಲಿಲ್ಲ. ಶಿಷ್ಯರೇ, ನಿಮ್ಮ ಮಕ್ಕಳ ಪಾಟಿಯನ್ನು ಒರೆಸಬೇಡಿರಿ.