ಕೊಪ್ಪದ ಮಳೆಗೆ ಎರಡು ಹಾಡುಗಾರರು

ಮಳೆ ಹಿಡಿಯಿತೆಂದರೆ ನಾನು ಹಾಕುವುದು ಎರಡೇ. ಒಂದು, ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ 1979ರ 'ಅನ್‌ನೋನ್ ಪ್ಲೆಷರ್ಸ್'. ಡ್ರಮ್ಮು ಖಾಲಿ ಗೋದಾಮಿನಲ್ಲಿ ಬಡಿದಂತೆ, ಇಯಾನ್ ಕರ್ಟಿಸ್ ದನಿ ಬಾವಿಯೊಳಗಿಂದ ಬಂದಂತೆ. ಇನ್ನೊಂದು, ಹೆಚ್ಚುಕಮ್ಮಿ ಅದೇ ಕಾಲದ 'ಕಾಡು ಕುದುರೆ' ಚಿತ್ರದ ಹಾಡು. ಕಂಬಾರರದೇ ಸಾಹಿತ್ಯ, ಸಂಗೀತ. ಹಾಡಿದ್ದು ಪಕ್ಕದ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣ. ರಾಷ್ಟ್ರಪ್ರಶಸ್ತಿಯೂ ಬಂತು.

ಎತ್ತಣ ಮಾಮರ ಅಂತ ನಗಬೇಡಿ. ಇಬ್ಬರೂ ಕೇಳುವವರನ್ನು ಮುದ್ದು ಮಾಡಲ್ಲ, ಅಷ್ಟೇ. ಆಮೇಲಿನ ನಮ್ಮ ಎಷ್ಟೋ ಭಾವಗೀತೆ ಕ್ಯಾಸೆಟ್ಟುಗಳು ಕೀಬೋರ್ಡು ಸುರಿದು ಕವಿತೆಯನ್ನು ಪಾಯಸ ಮಾಡಿಬಿಟ್ಟವು (ಬೈಯುವವರು ಬೈಯಿರಿ).

ಕರ್ಟಿಸ್ 1980ರಲ್ಲೇ, 23ನೇ ವಯಸ್ಸಿಗೆ ಹೋದ. 2022ರ ಆಗಸ್ಟಿನಲ್ಲಿ ಸುಬ್ಬಣ್ಣ ತೀರಿಕೊಂಡಾಗ ಇಬ್ಬರನ್ನೂ ಹಾಕಿದೆ. ಸುಬ್ಬಣ್ಣನ ದನಿಗೆ ಅಮ್ಮ ಅಡುಗೆಮನೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕರ್ಟಿಸ್‌ಗೆ ಮಾತ್ರ, "ವೋಲ್ಟೇಜ್ ಕಮ್ಮಿಯಾಯ್ತೇನೋ?" ಅಂದಳು.